ಲೈಟ್ ಹತ್ತಿದರೆ ವೈರಿಂಗ್ ಸರಿ ಇದೆ ಎಂದಲ್ಲ

ಪುಣೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ನಾವು ಏನೆಲ್ಲ ನೋಡುತ್ತೇವೆ? ನೀರು ಎಷ್ಟು ಹೊತ್ತು ಬರುತ್ತದೆ, ಪಾರ್ಕಿಂಗ್ ಇದೆಯೇ, ಆಫೀಸ್ ಬಸ್ ಎಲ್ಲಿ ನಿಲ್ಲುತ್ತದೆ. ಸ್ವಿಚ್ ಒತ್ತಿ ಲೈಟು, ಫ್ಯಾನು ನೋಡುತ್ತೇವೆ. ಹತ್ತಿತು, ತಿರುಗಿತು, ಮುಗಿಯಿತು. ನಾನೂ ಅಷ್ಟೇ ಮಾಡಿದ್ದೆ.

ಕಳೆದ ಚಳಿಗಾಲದಲ್ಲಿ ಧಾರವಾಡದಿಂದ ಅವ್ವ ಬಂದಿದ್ದಳು. ಎರಡನೇ ದಿನ ಬಚ್ಚಲಿನಿಂದ ಹೊರಬಂದವಳೇ, ‘ನಳ ಮುಟ್ಟಿದ್ರ ಕೈ ಜುಮ್ ಅಂತೈತಿ’ ಅಂದಳು. ಮಾಲೀಕರಿಗೆ ಫೋನ್ ಮಾಡಿದೆ. ‘ಗೀಸರ್ ಹಳೇದು, ಚಪ್ಪಲಿ ಹಾಕಿಕೊಂಡು ಹೋಗಲು ಹೇಳಿ’ ಎಂದರು. ಅವರು ಕಳಿಸಿದ ಹುಡುಗ ಬಲ್ಬ್ ಹೋಲ್ಡರಿನ ಒಂದು ವೈರನ್ನು ಫೇಸ್‌ಗೆ, ಇನ್ನೊಂದನ್ನು ಸಾಕೆಟ್ಟಿನ ಅರ್ಥ್ ತೂತಿಗೆ ಹಿಡಿದ. ಬಲ್ಬ್ ಹತ್ತಿತು. ‘ಅರ್ಥಿಂಗ್ ಸರಿ ಇದೆ’ ಎಂದು ಇನ್ನೂರು ರೂಪಾಯಿ ತೆಗೆದುಕೊಂಡು ಹೋದ.

ನನಗೆ ಸಮಾಧಾನವಾಗಲಿಲ್ಲ. ಸರ್ಕಾರಿ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೊಬ್ಬರನ್ನು ಕರೆಸಿದೆ. ಅವರು ಬೋರ್ಡ್ ಬಿಚ್ಚಿ ತೋರಿಸಿದರು. ಅಲ್ಲಿ ಅರ್ಥ್ ವೈರೇ ಇರಲಿಲ್ಲ! ನ್ಯೂಟ್ರಲ್‌ನಿಂದ ಬೆರಳುದ್ದದ ತುಂಡು ವೈರ್ ತಂದು ಅರ್ಥ್ ಪಿನ್ನಿಗೆ ಸೇರಿಸಿದ್ದರು. ಬಲ್ಬ್ ಹತ್ತಿದ್ದು ಅದಕ್ಕೇ. ಆ ನ್ಯೂಟ್ರಲ್ ಜಾಯಿಂಟ್ ಬೇರೆ ಸಡಿಲಾಗಿತ್ತು. ಗೀಸರ್ ಹಾಕಿದಾಗಲೆಲ್ಲ ಅದರ ಲೋಹದ ಮೈಗೆ ವೋಲ್ಟೇಜ್ ಏರುತ್ತಿತ್ತು. ಜಾಯಿಂಟ್ ಪೂರ್ತಿ ಬಿಟ್ಟುಕೊಂಡಿದ್ದರೆ 230 ವೋಲ್ಟ್ ಅವ್ವನ ಕೈಗೇ ಬರುತ್ತಿತ್ತು.

ಮೇನ್ ಬೋರ್ಡಿನಲ್ಲಿ ಎಂಸಿಬಿ ಇತ್ತಲ್ಲ ಎಂದು ಕೇಳಿದೆ. ‘ಎಂಸಿಬಿ ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ’ ಎಂದರು. 16 ಆಂಪಿಯರ್ ಎಂಸಿಬಿ ಅದಕ್ಕಿಂತ ಹೆಚ್ಚು ಕರೆಂಟ್ ಹರಿದಾಗ ಮಾತ್ರ ಬೀಳುತ್ತದೆ. ಮನುಷ್ಯನ ಜೀವ ತೆಗೆಯಲು ಅದರ ಸಣ್ಣ ಪಾಲು ಸಾಕು. ನಮ್ಮನ್ನು ಕಾಪಾಡುವುದು ಆರ್‌ಸಿಸಿಬಿ. 30 ಮಿಲಿ ಆಂಪಿಯರ್ ಸೋರಿದರೂ ಕ್ಷಣದಲ್ಲಿ ಲೈನ್ ಕಡಿಯುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳ ಪ್ರಕಾರ 2 ಕಿಲೋವಾಟ್ ಮೀರಿದ ಮನೆಗಳಿಗೆ ಇದು ಬೇಕೇ ಬೇಕು. ಒಂದು ಗೀಸರ್, ಒಂದು ಫ್ರಿಜ್ ಇದ್ದರೆ ಆ ಮಿತಿ ದಾಟಿದಂತೆಯೇ.

ಬಲ್ಬ್, ಫ್ಯಾನ್, ಸ್ವಿಚ್ ಬದಲಿಸುವಂಥ ಸಣ್ಣ ಕೆಲಸವನ್ನು ಯಾರಾದರೂ ಮಾಡಬಹುದು. ಆದರೆ ಎಸಿಗೋ ಗೀಸರಿಗೋ ಹೊಸ ಲೈನ್ ಎಳೆಯುವುದು ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ನಿಯಮವೇ ಹಾಗಿದೆ. ಮುಗಿದ ಮೇಲೆ ಇನ್ಸುಲೇಶನ್, ಅರ್ಥಿಂಗ್ ಎರಡನ್ನೂ ಮೀಟರ್ ಹಿಡಿದು ಅಳೆದು, ಬರೆದು ಸಹಿ ಮಾಡಬೇಕು. ಕಣ್ಣಳತೆಗೆ ಇಲ್ಲಿ ಬೆಲೆಯಿಲ್ಲ.

ಮಾಲೀಕರ ವಾದವೂ ಗೊತ್ತು: ಕಟ್ಟಡ ಹಳೇದು, ಇಷ್ಟು ದಿನ ಏನೂ ಆಗಿಲ್ಲ. ನಮ್ಮ ವಾದವೂ ಗೊತ್ತು: ಹನ್ನೊಂದು ತಿಂಗಳಿಗೆ ಬಂದವರು, ನಮಗೇಕೆ ಉಸಾಬರಿ? ಈ ಎರಡರ ನಡುವೆಯೇ ಆ ತುಂಡು ವೈರ್ ವರ್ಷಗಟ್ಟಲೆ ಉಳಿದುಬಿಟ್ಟಿತ್ತು. ನಮಗಿಂತ ಮುಂಚೆ ಇದ್ದವರಿಗೂ ಕೈ ಜುಮ್ ಎಂದಿರಲೇಬೇಕು. ಅವರೂ ಚಪ್ಪಲಿ ಹಾಕಿಕೊಂಡರು, ಅಷ್ಟೇ.

ಇಲ್ಲಿಯ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಎಷ್ಟು ಫ್ಯಾನ್, ಎಷ್ಟು ಟ್ಯೂಬ್‌ಲೈಟ್ ಎಂಬ ಪಟ್ಟಿ ಇರುತ್ತದೆ. ಅದರ ಜೊತೆ ವೈರಿಂಗ್ ಪರೀಕ್ಷೆಯ ವರದಿಯನ್ನೂ ಲಗತ್ತಿಸಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಗೆ ಅರ್ಥ್ ವೈರ್, ಆರ್‌ಸಿಸಿಬಿ, ಕೂಲಿ ಎಲ್ಲ ಸೇರಿ ಆರು ಸಾವಿರ ರೂಪಾಯಿ ಆಯಿತು. ಜಗಳವಾಡಿದ ಮೇಲೆ ಮಾಲೀಕರು ಅರ್ಧ ಕೊಟ್ಟರು.

ಇವತ್ತು ಸಂಜೆ ನಿಮ್ಮ ಮೇನ್ ಬೋರ್ಡ್ ತೆರೆದು ನೋಡಿ. ‘ಟಿ’ ಎಂದು ಬರೆದ ಪುಟ್ಟ ಬಟನ್ ಇದ್ದರೆ ಒತ್ತಿ. ಕೂಡಲೇ ಕರೆಂಟ್ ಹೋಗಬೇಕು. ಹೋಗದಿದ್ದರೆ, ಅಥವಾ ಅಂಥ ಬಟನ್ನೇ ಇಲ್ಲದಿದ್ದರೆ, ಮಾಲೀಕರಿಗೆ ಫೋನ್ ಮಾಡಿ. ಬಟನ್ ಸರಿಯಿದ್ದರೂ ಅರ್ಥಿಂಗನ್ನು ಬೇರೆಯಾಗಿ ಅಳೆಸಬೇಕು. ಚಪ್ಪಲಿ ಹಾಕಿಕೊಳ್ಳಿ ಎಂದರೆ ಮಾತ್ರ ಒಪ್ಪಬೇಡಿ.