ವಿದ್ಯುತ್ ಕಾರು ಕೊಳ್ಳುವ ಮುನ್ನ ಕಿಲೋಮೀಟರ್ ಎಣಿಸಿ

ಹಿಂದೆಲ್ಲ ಸಂಘದ ಜಗಲಿಯಲ್ಲಿ ನಾಲ್ಕು ಮಂದಿ ಬೆಳೆಗಾರರು ಸೇರಿದರೆ ಕೊಳೆರೋಗ, ಕಾಂಡಕೊರಕ, ಮಾರುಕಟ್ಟೆಯ ಧಾರಣೆ, ಇವಿಷ್ಟೇ ಮಾತು. ಈಗ ಆ ಸಾಲಿಗೆ ವಿದ್ಯುತ್ ಕಾರೂ ಸೇರಿಕೊಂಡಿದೆ. 2024-25ರಲ್ಲಿ ಕಾಫಿಗೆ ಒಳ್ಳೆಯ ಧಾರಣೆ ಬಂದ ಮೇಲಂತೂ ಈ ಚರ್ಚೆ ಜೋರಾಗಿದೆ. ಪೆಟ್ರೋಲಿನ ಹಂಗೇ ಬೇಡ ಎನ್ನುವವರು ಒಂದು ಕಡೆ. ಮಳೆಗಾಲದಲ್ಲಿ ಕರೆಂಟೇ ಇರದ ಊರಿನಲ್ಲಿ ಕರೆಂಟಿನ ಕಾರೇ ಎಂದು ನಗುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಅವರವರ ಮನೆಯ ಲೆಕ್ಕದ ಪುಸ್ತಕದಲ್ಲಿದೆ.

ಇಂಥ ಕಾರು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ಆದರೆ ಅದು ಪೇಟೆಯೊಳಗೆ ಓಡಾಡಲು ಮಾಡಿದ ಪುಟ್ಟ ವಾಹನ. ಮಲೆನಾಡಿನ ಸಂಸಾರಸ್ಥರು ಯೋಚಿಸಬಹುದಾದ ಕಾರುಗಳು ಬಂದದ್ದು 2020ರ ನೆಕ್ಸಾನ್, 2022ರ ಟಿಯಾಗೊ ಇವುಗಳಿಂದ ಈಚೆಗೆ. ವಿದ್ಯುತ್ ಕಾರಿನ ಮೇಲೆ ಜಿ.ಎಸ್.ಟಿ. 2019ರಿಂದ ಶೇಕಡಾ 5 ಮಾತ್ರ. ಆದರೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ತೆರಿಗೆಯೂ ಶೇಕಡಾ 18ಕ್ಕೆ ಇಳಿದಿರುವುದರಿಂದ ಹಳೆಯ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗಿದೆ.

ಹಾಕಿಯೇ ನೋಡೋಣ. ಒಬ್ಬ ಬೆಳೆಗಾರರು ಮಕ್ಕಳ ಶಾಲೆ, ಪೇಟೆ, ಇನ್ನೊಂದು ತೋಟ ಎಂದು ತಿಂಗಳಿಗೆ 1,000 ಕಿ.ಮೀ. ಓಡಿಸುತ್ತಾರೆನ್ನಿ. ಏರಿಳಿತದ ರಸ್ತೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ, ಲೀಟರಿಗೆ ನೂರು ರೂಪಾಯಿಯಂತೆ ಖರ್ಚು ಸುಮಾರು 6,700 ರೂ. ವಿದ್ಯುತ್ ಕಾರು ಯೂನಿಟ್ಟಿಗೆ 7 ಕಿ.ಮೀ. ಓಡಿದರೆ ಬೇಕಾಗುವುದು 143 ಯೂನಿಟ್. ಇಲ್ಲೊಂದು ಸೂಕ್ಷ್ಮವಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ನಿಯಮದಂತೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಗೆ 80 ಯೂನಿಟ್ ಉರಿಯುತ್ತಿದ್ದರೆ ಕಾರು ಸೇರಿ 223 ಆಯಿತು. ಯೂನಿಟ್ಟಿಗೆ 6 ರೂಪಾಯಿಯಂತೆ 1,340 ರೂ. ಅದಷ್ಟನ್ನೂ ಕಾರಿನ ತಲೆಗೇ ಕಟ್ಟಿದರೂ ತಿಂಗಳಿಗೆ 5,300 ರೂಪಾಯಿಗೂ ಹೆಚ್ಚು ಉಳಿತಾಯ. ಎರಡು ಕಾರುಗಳ ಬೆಲೆಯ ಅಂತರ ಮೂರೂವರೆ ಲಕ್ಷವೆಂದಿಟ್ಟುಕೊಂಡರೆ ಐದೂವರೆ ವರ್ಷದಲ್ಲಿ ಅದು ತೀರುತ್ತದೆ.

ಆದರೆ ನಮ್ಮಲ್ಲಿ ಹೆಚ್ಚಿನವರು ಎರಡು ಮೂರು ಎಕರೆಯವರು. ವಾರಕ್ಕೆರಡು ಸಲ ಪೇಟೆ, ಆಗೊಮ್ಮೆ ಈಗೊಮ್ಮೆ ಮದುವೆ ಮುಂಜಿ. ತಿಂಗಳಿಗೆ 300 ಕಿ.ಮೀ. ದಾಟಿದರೆ ಹೆಚ್ಚು. ಇವರಿಗೆ ಉಳಿಯುವುದು ತಿಂಗಳಿಗೆ 1,700 ರೂ. ಮಾತ್ರ. ಬೆಲೆಯ ಅಂತರ ತೀರಲು ಹದಿನಾರು ಹದಿನೇಳು ವರ್ಷ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ಖಾತರಿ 8 ವರ್ಷ ಅಥವಾ 1,60,000 ಕಿ.ಮೀ. ವಿದ್ಯುತ್ ಕಾರು ದುಡಿಯುವ ಎತ್ತಿದ್ದಂತೆ. ಓಡಿದಷ್ಟೂ ಲಾಭ, ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೆ ಮೇವಿನ ಖರ್ಚೂ ಹುಟ್ಟದು.

ಮಳೆಗಾಲದ ಮಾತಿಗೆ ಬರೋಣ. ಮರ ಬಿದ್ದು ತಂತಿ ಹರಿಯುವುದು ನಮಗೆ ಹೊಸದಲ್ಲ. ಆದರೂ ಭಯ ಸ್ವಲ್ಪ ಅತಿಯಾಗಿದೆ. 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ ಹಿಡಿಯುತ್ತದೆ. ಎರಡು ಗಂಟೆ ಕರೆಂಟ್ ಇದ್ದರೆ ಮರುದಿನದ 40 ಕಿ.ಮೀ. ಓಡಾಟಕ್ಕೆ ಸಾಕು. ಬ್ಯಾಟರಿ ತಳ ಕಾಣುವವರೆಗೆ ಕಾಯದೆ ಆಗಾಗ ತುಂಬಿಸುವ ಅಭ್ಯಾಸ ಬೇಕು, ಅಷ್ಟೆ. ಮೂರು ನಾಲ್ಕು ದಿನ ಕತ್ತಲಾಗುವ ಊರಾದರೆ, ಮನೆಯಲ್ಲಿ ಇನ್ನೊಂದು ವಾಹನ ಇಲ್ಲದಿದ್ದರೆ, ಈ ಕಾರು ಬೇಡವೆಂದೇ ನಮ್ಮ ಅಭಿಪ್ರಾಯ. ಕಾರಿಗಿಂತ ಮೊದಲು ಮನೆಯ ವೈರಿಂಗ್ ಮತ್ತು ಅರ್ಥಿಂಗ್ ಸರಿಪಡಿಸಿಕೊಳ್ಳಿ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಗೆ ಕೈ ಹಾಕಬೇಡಿ. ಒಂದು ಉದ್ದೇಶಕ್ಕೆ ಕೊಟ್ಟ ಸಂಪರ್ಕವನ್ನು ಮತ್ತೊಂದಕ್ಕೆ ಬಳಸುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅನಧಿಕೃತ ಬಳಕೆ.

ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು. ಇಳಿಜಾರಿನಲ್ಲಿ ಈ ಕಾರಿನ ಮೋಟಾರು ತಾನೇ ಡೈನಮೋ ಆಗಿ ಬ್ಯಾಟರಿ ತುಂಬಿಸುತ್ತದೆ, ಬ್ರೇಕಿನ ಸವೆತವೂ ಕಡಿಮೆ. ಆದರೆ ಬ್ಯಾಟರಿ ಪೂರ್ತಿ ತುಂಬಿಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿದರೆ ಆ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ; ಎಂದಿನ ಬ್ರೇಕಿನ ಮೇಲೇ ಭಾರ ಬೀಳುತ್ತದೆ. ಘಟ್ಟ ಇಳಿಯುವ ದಿನ ಶೇಕಡಾ 80-85ಕ್ಕೆ ನಿಲ್ಲಿಸುವುದು ಜಾಣತನ.

ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಎರಡೂ ಇರುವ ಹೈಬ್ರಿಡ್ ಕಾರಿಗೆ ಗೋಡೆಯ ಪ್ಲಗ್ಗು ಬೇಕಿಲ್ಲ, ಮಳೆಗಾಲದ ಚಿಂತೆಯೂ ಇಲ್ಲ. ಆದರೆ ಸ್ವಲ್ಪ ದೂರ ಮೋಟಾರಿನಿಂದಲೇ ಓಡಬಲ್ಲ ನಿಜವಾದ ಹೈಬ್ರಿಡ್ಡಿಗೆ ನಮ್ಮ ಪೇಟೆಯಲ್ಲಿ ಹದಿನೈದು ಲಕ್ಷಕ್ಕೂ ಮಿಕ್ಕಿ ತೆರಬೇಕು. ಅದರ ಉಳಿತಾಯ ಕಾಣುವುದು ನಿಂತು ನಿಂತು ಸಾಗುವ ನಗರದ ಸಂಚಾರದಲ್ಲೇ ಹೆಚ್ಚು; ಉದ್ದನೆಯ ಏರಿನಲ್ಲಿ ದುಡಿಯುವುದು ಎಂಜಿನ್ನೇ. ಹೈಬ್ರಿಡ್ ಎಂಬ ಹೆಸರಿದ್ದರೂ ಮೋಟಾರು ಬರೀ ಕೈಜೋಡಿಸುವಂಥ ಕಾರುಗಳೂ ಇವೆ, ವಿಚಾರಿಸಿ ತಿಳಿಯಿರಿ.

ಬೆಳೆಗಾರ ಬಂಧುಗಳು ಒಂದನ್ನು ಮರೆಯಬಾರದು. ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಮುರಿದುಬಿದ್ದಾಗ ಧಾರಣೆ ಹೇಗೆ ಕುಸಿಯಿತೆಂಬುದನ್ನು ಕಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ಧಾರಣೆ ಏರಿದ ವರ್ಷ ಕೊಂಡ ಕಾರಿಗೆ ಧಾರಣೆ ಇಳಿದ ವರ್ಷವೂ ಕಂತು ಕಟ್ಟಲೇಬೇಕು. ಆದ್ದರಿಂದ ಷೋರೂಮಿಗೆ ಹೋಗುವ ಮೊದಲು ಮೂರು ತಿಂಗಳು ನಿಮ್ಮ ಹಳೆಯ ವಾಹನದ ಮೀಟರನ್ನು ಬರೆದಿಡಿ. ತಿಂಗಳಿಗೆ ಸಾವಿರ ದಾಟಿದರೆ ಧೈರ್ಯವಾಗಿ ವಿದ್ಯುತ್ ಕಾರು ನೋಡಿ. ಮುನ್ನೂರರ ಆಸುಪಾಸಿನಲ್ಲಿದ್ದರೆ ಇರುವ ವಾಹನವನ್ನೇ ರಿಪೇರಿ ಮಾಡಿಸಿ, ಉಳಿದ ಹಣವನ್ನು ತೋಟಕ್ಕೆ ಹಾಕಿ. ನೆರೆಮನೆಯ ಅಂಗಳದಲ್ಲಿ ಹೊಸ ಕಾರು ನಿಂತಿತೆಂಬುದು ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆಯುವ ಬಾಬ್ತಲ್ಲ.