ಬಿತ್ತಿದ ಕಾಲಜ್ಞಾನ

ಫ್ರಾಂಕ್ ಹರ್ಬರ್ಟನ ‘ಡ್ಯೂನ್’ (1965) ಕಾದಂಬರಿಯ ಒಂದು ಸನ್ನಿವೇಶ ನನ್ನನ್ನು ಬಿಡದೆ ಕಾಡುತ್ತದೆ. ಅರಾಕಿಸ್ ಎಂಬ ಮರಳುಗಾಡಿನ ಗ್ರಹಕ್ಕೆ ಆಗಷ್ಟೇ ಬಂದಿಳಿದ ಜೆಸಿಕಾಳ ಎದುರು ಮನೆಗೆಲಸದ ಮೇಪ್ಸ್ ಒಂದು ಕಠಾರಿ ಹಿರಿದು, ಇದರ ಅರ್ಥ ಗೊತ್ತೇ ಎಂದು ಕೇಳುತ್ತಾಳೆ. ‘ಮೇಕರ್ ಆಫ್ ಡೆತ್’ (ಸಾವು ತರುವಂಥದು) ಎನ್ನಲು ಹೊರಟ ಜೆಸಿಕಾಳ ಬಾಯಿಂದ ‘ಮೇಕರ್’ ಎಂಬುದಷ್ಟೇ ಹೊರಬಿದ್ದಿರುತ್ತದೆ, ಮೇಪ್ಸ್ ಚೀರಿಬಿಡುತ್ತಾಳೆ. ಅಲ್ಲಿನ ಅವಳ ಫ್ರೆಮೆನ್ ಜನರ ಮಾತಿನಲ್ಲಿ ಮೇಕರ್ ಎಂದರೆ ಮರಳಿನ ಮಹಾಹುಳು. ಕಠಾರಿ ಅದರ ಹಲ್ಲಿನದು. ಅರ್ಧ ಮಾತಿಗೇ ಮೇಪ್ಸ್ ಕಾದಿದ್ದ ಗುರುತು ಸಿಕ್ಕಿಬಿಟ್ಟಿತು.

ಮೇಪ್ಸ್ ಮೋಸಹೋದದ್ದು ಆ ಗಳಿಗೆಯಲ್ಲಲ್ಲ. ಬೆನೆ ಗೆಸರಿಟ್ ಎಂಬ ಸ್ತ್ರೀಸಂಘ ಎಷ್ಟೋ ತಲೆಮಾರುಗಳ ಹಿಂದೆಯೇ ಆ ಜನರ ನಡುವೆ ಒಂದು ಕಾಲಜ್ಞಾನವನ್ನು ಬಿತ್ತಿಹೋಗಿತ್ತು. ತಮ್ಮವಳೊಬ್ಬಳು ಮುಂದೆಂದಾದರೂ ಅಲ್ಲಿ ಆಪತ್ತಿಗೆ ಸಿಲುಕಿದರೆ ಆಸರೆಯಿರಲಿ ಎಂಬುದಷ್ಟೇ ಲೆಕ್ಕ. ಆ ಸಂಘದವಳೇ ಆದ ಜೆಸಿಕಾಗೆ ಇದು ಗೊತ್ತು. ಗೊತ್ತಿದ್ದೂ ಬಳಸಿಕೊಳ್ಳುತ್ತಾಳೆ. ಪರರ ಹಂಬಲವನ್ನು ತನ್ನ ಅಡಗುದಾಣ ಮಾಡಿಕೊಳ್ಳುವುದಕ್ಕಿಂತ ದೊಡ್ಡ ಕಳವು ನನಗೆ ತಿಳಿದಿಲ್ಲ.

ಆ ಕಾಲಜ್ಞಾನದ ವೀರನೆಂದು ಫ್ರೆಮೆನ್ನರು ನಂಬಿದ ಅವಳ ಮಗ ಪಾಲ್‌ಗೆ ಒಲಿದ ಬಿರುದುಗಳನ್ನು ಹರ್ಬರ್ಟ್ ಶೂನ್ಯದಿಂದ ಸೃಷ್ಟಿಸಲಿಲ್ಲ. ‘ಮಹದಿ’, ಅಂದರೆ ಬರಲಿರುವ ಉದ್ಧಾರಕ, ತಾನೇ ಎಂದು ಸುಡಾನಿನ ಮಹಮ್ಮದ್ ಅಹ್ಮದ್ 1881ರಲ್ಲಿ ಸಾರಿಕೊಂಡ. 1885ರ ಜನವರಿಯಲ್ಲಿ ಅವನ ಸೇನೆ ಖಾರ್ಟೂಮ್ ಗೆದ್ದಿತು, ಜೂನ್‌ನಲ್ಲಿ ಅವನೇ ತೀರಿಕೊಂಡ. ‘ಲಿಸಾನ್ ಅಲ್-ಗೈಬ್’, ಅಂದರೆ ಅಗೋಚರದ ನಾಲಿಗೆ, 14ನೆಯ ಶತಮಾನದ ಪರ್ಷಿಯನ್ ಕವಿ ಹಾಫಿಜನಿಗೆ ಸಂದ ಹೆಸರು. ಇರಾನಿನ ಮನೆಗಳಲ್ಲಿ ಇಂದಿಗೂ ಅವನ ದಿವಾನ್ ತೆರೆದು ಶಕುನ ಕೇಳುತ್ತಾರೆ. ಕವಿಯ ಈ ಹೆಸರು ಕಾದಂಬರಿಯಲ್ಲಿ ರಣಘೋಷವಾಗುವುದನ್ನು ಓದುವಾಗ ಸಂಕಟವಾಗುತ್ತದೆ.

ಫ್ರೆಮೆನ್ನರಿಗೆ ಬೇರೊಂದು ಭರವಸೆಯೂ ಇತ್ತು: ಹನಿಹನಿ ನೀರು ಕೂಡಿಟ್ಟು, ತಲೆಮಾರುಗಳು ದುಡಿದು ಮರಳನ್ನು ಹಸಿರಾಗಿಸುವ, ಗ್ರಹವಿಜ್ಞಾನಿ ಪಾರ್ಡಟ್ ಕೈನ್ಸನ ಯೋಜನೆ. ಅದರಲ್ಲಿ ದುಡಿದವರಿಗೆ ತಮ್ಮ ಕಣ್ಣಾರೆ ಹಸಿರು ಕಾಣುವ ಯೋಗವಿರಲಿಲ್ಲ, ಆದರೂ ದುಡಿದರು. ಆ ಯೋಜನೆ ಮುಂದುವರಿಸಿದ ಮಗ ಲಿಯೆಟ್, ನೀರಿಲ್ಲದೆ ಮರಳಿನಲ್ಲಿ ಸಾಯುವಾಗ ತಂದೆಯ ದನಿ ಕೇಳಿಸಿಕೊಳ್ಳುತ್ತಾನೆ: ಜನ ಒಬ್ಬ ವೀರನ ಕೈಗೆ ಸಿಕ್ಕುವುದಕ್ಕಿಂತ ಘೋರ ವಿಪತ್ತು ಇಲ್ಲವೆಂಬ ಎಚ್ಚರಿಕೆ ಅದು. ಇಡೀ ಕಾದಂಬರಿಯ ತಿರುಳು ಇಲ್ಲಿದೆ.

ಎಷ್ಟೋ ಓದುಗರು ‘ಡ್ಯೂನ್’ ಕೊನೆಯಲ್ಲಿನ ಪಾಲ್‌ನ ಗೆಲುವಿಗೇ ಮನಸೋತು ಅಲ್ಲಿಗೇ ನಿಲ್ಲುತ್ತಾರೆ. ದಯವಿಟ್ಟು ಅದರ ಮುಂದುವರಿಕೆಯಾದ 1969ರ ‘ಡ್ಯೂನ್ ಮೆಸ್ಸಾಯ’ವನ್ನೂ ಓದಿ. ತನ್ನ ಹೆಸರಿನಲ್ಲಿ ನಡೆದ ಧರ್ಮಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಪಾಲ್ ತಾನೇ ಅದರಲ್ಲಿ ಹೇಳುತ್ತಾನೆ: 6,100 ಕೋಟಿ.