ಅಂಗವಿಕಲರ ಗೃಹಶುಶ್ರೂಷೆ: ಹೊಣೆ ಯಾರದು?

ಬೆಂಗಳೂರಿನ ವಾಯವ್ಯಕ್ಕೆ ಪೀಣ್ಯ, ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ: ಈ ಮೂರು ಉದ್ಯಮನಗರಿಗಳ ಹೆಸರು ಇಂದು ದೇಶವಿದೇಶಗಳಲ್ಲಿ ಪ್ರಖ್ಯಾತವಾಗಿದೆ. ನಾಡಿನ ಸಂಪತ್ತಿನ ವೃದ್ಧಿಯಲ್ಲಿ ಇವುಗಳ ಪಾಲು ಅಲ್ಪವೆಂದು ಯಾರೂ ಹೇಳಲಾರರು. ಆದರೆ ಸಂಪತ್ತನ್ನು ಉತ್ಪಾದಿಸುವುದು ಯಂತ್ರ ಮಾತ್ರವಲ್ಲ. ಯಂತ್ರದ ಮುಂದೆ ನಿಂತ ಮನುಷ್ಯನ ದೇಹ. ಆ ದೇಹ ಒಮ್ಮೊಮ್ಮೆ ಮುರಿಯುತ್ತದೆ. ಪ್ರೆಸ್ಸಿಗೆ ಸಿಕ್ಕಿ ಬೆರಳು ಹೋಗುತ್ತದೆ; ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಹುರಿ ಜಖಂ ಆಗುತ್ತದೆ; ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾಗುತ್ತದೆ. ಇವರಲ್ಲದೆ ಹುಟ್ಟಿನಿಂದಲೇ ಅಂಗವೈಕಲ್ಯವಿರುವ ಮಕ್ಕಳೂ, ಲಕ್ವ ಹೊಡೆದ ವೃದ್ಧರೂ, ಬುದ್ಧಿಭ್ರಮಣೆಯಿಂದ ನರಳುವವರೂ ಕಾರ್ಮಿಕರ ವಠಾರಗಳಲ್ಲಿ ಇದ್ದಾರೆ. ಇವರ ಆರೋಗ್ಯದ ಗತಿಯೇನು ಎಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದೆ ಇಡಬಯಸುತ್ತೇವೆ.

ಆಸ್ಪತ್ರೆಗಳಿಲ್ಲವೆಂಬುದು ನಮ್ಮ ದೂರಲ್ಲ. ವೈಟ್‌ಫೀಲ್ಡಿನಲ್ಲಿ ೨೦೦೧ರಿಂದ ಶ್ರೀ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ಮೆದುಳು ಮತ್ತು ನರಗಳ ಶಸ್ತ್ರಚಿಕಿತ್ಸೆಯನ್ನು ಹಣ ಪಡೆಯದೆ ನಡೆಸುತ್ತಿದೆ. ಪೀಣ್ಯದಲ್ಲಿ ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಯಿದೆ. ನಗರದೊಳಗೆ ನಿಮ್ಹಾನ್ಸ್ ಇದೆ. ಪ್ರಾಣ ಉಳಿಸುವ ವಿದ್ಯೆಯಲ್ಲಿ ಬೆಂಗಳೂರು ಯಾವ ಪಟ್ಟಣಕ್ಕೂ ಹಿಂದೆ ಬಿದ್ದಿಲ್ಲ. ಆದರೆ ಪ್ರಾಣ ಉಳಿದ ಮೇಲೆ ರೋಗಿಯನ್ನು ಮನೆಗೆ ಕಳುಹಿಸುವ ದಿನವೊಂದು ಬರುತ್ತದೆ. ಅವನ ಆರೋಗ್ಯದ ನಿಜವಾದ ಪರೀಕ್ಷೆ ಮೊದಲಾಗುವುದು ಅಂದಿನಿಂದ.

ಬೆನ್ನುಹುರಿಯ ಗಾಯವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧಕ್ಕೆ ಮೊದಲು ಇಂಥ ಗಾಯಾಳುಗಳಲ್ಲಿ ಬಹುಮಂದಿ ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅವರನ್ನು ಕೊಲ್ಲುತ್ತಿದ್ದುದು ಹಲವು ವೇಳೆ ಮೂಲ ಗಾಯವಲ್ಲ. ಮಲಗಿದಲ್ಲೇ ಮಲಗಿದ್ದರಿಂದ ಉಂಟಾದ ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ಸೋಂಕು. ೧೯೪೪ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ನರು ಹಗಲಿರುಳೆನ್ನದೆ ಎರಡೆರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಾಯಿಸುವ ಕಟ್ಟುನಿಟ್ಟಿನ ಕ್ರಮವನ್ನು ಜಾರಿಗೆ ತಂದರು. ಸಾಯುವವರೆಂದು ಕೈಬಿಟ್ಟಿದ್ದವರು ಬದುಕಿದರು, ಕುಳಿತರು, ಕೆಲಸಕ್ಕೂ ಹೋದರು. ೧೯೭೦ರ ದಶಕದ ಆರಂಭದಲ್ಲಿ ಅಮೆರಿಕದ ಡಾಕ್ಟರ್ ಲ್ಯಾಪಿಡೆಸ್ಸರು, ಶುಭ್ರವಾದ ಕೈಯಿಂದ ದಿನಕ್ಕೆ ಕೆಲವು ಬಾರಿ ರೋಗಿ ತಾನೇ ನಳಿಕೆಯಿಟ್ಟು ಮೂತ್ರ ತೆಗೆದುಕೊಳ್ಳಬಹುದೆಂದು ತೋರಿಸಿಕೊಟ್ಟರು. ಈ ಎರಡಕ್ಕೂ ಭಾರಿ ಯಂತ್ರ ಬೇಡ, ಬೆಲೆಬಾಳುವ ಔಷಧ ಬೇಡ. ಬೇಕಾದದ್ದು ನೀರು, ಸಾಬೂನು, ಗಡಿಯಾರ ಮತ್ತು ಕಲಿತ ಎರಡು ಕೈಗಳು. ಅಂದಮೇಲೆ ರೋಗಿಯ ಆಯುಸ್ಸು ನಿರ್ಧಾರವಾಗುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಾತ್ರವಲ್ಲ, ಮನೆಯ ಚಾಪೆಯ ಮೇಲೆಯೂ ಹೌದು.

ಈ ಉದ್ಯಮನಗರಿಗಳ ಬಡ ಕಾರ್ಮಿಕನ ಮನೆ ಎಂಥದು? ಹತ್ತಡಿ ಅಗಲದ ಬಾಡಿಗೆ ಕೋಣೆ. ಹಲವೆಡೆ ಎರಡನೆಯ ಅಥವಾ ಮೂರನೆಯ ಅಂತಸ್ತು. ಒಬ್ಬರೇ ಹತ್ತಬಲ್ಲಷ್ಟು ಕಿರಿದಾದ ಮೆಟ್ಟಿಲು. ಹಲವು ಸಂಸಾರಗಳಿಗೆ ಒಂದೇ ಶೌಚಾಲಯ. ಕಲ್ಯಾಣ ಕರ್ನಾಟಕದಿಂದಲೋ, ಬಿಹಾರ ಒಡಿಶಾಗಳಿಂದಲೋ ಬಂದವನಾದರೆ ತಾಯಿತಂದೆ, ಬಂಧುಬಳಗವೆಲ್ಲ ಊರಿನಲ್ಲಿ. ಇಲ್ಲಿ ಇರುವವಳು ಹೆಂಡತಿಯೊಬ್ಬಳು. ಆಕೆ ಬೆಳಗಾಗೆದ್ದು ಗಾರ್ಮೆಂಟ್ಸ್ ಕೆಲಸಕ್ಕೆ ಹೋದರೆ ಎರಡು ಗಂಟೆಗೊಮ್ಮೆ ಗಂಡನ ಮಗ್ಗುಲು ಬದಲಾಯಿಸುವವರು ಯಾರು? ಹೋಗದಿದ್ದರೆ ಬಾಡಿಗೆ ಕಟ್ಟುವವರು ಯಾರು? ಹೋದರೆ ಹುಣ್ಣು, ಉಳಿದರೆ ಹಸಿವು. ಹುಣ್ಣು ಕೊಳೆತು ಜ್ವರ ಬಂದ ಮೇಲೆ ರೋಗಿ ಮತ್ತೆ ಆಸ್ಪತ್ರೆ ಸೇರುತ್ತಾನೆ; ಮೊದಲೇ ತಡೆಯಬಹುದಾಗಿದ್ದುದಕ್ಕೆ ವಾರಗಟ್ಟಲೆ ಚಿಕಿತ್ಸೆ ನಡೆಯುತ್ತದೆ.

ಆದಕಾರಣ ‘ಅಂಗವಿಕಲರನ್ನು ಮನೆಯವರೇ ನೋಡಿಕೊಳ್ಳುವುದು ನಮ್ಮ ಸಂಸ್ಕೃತಿ’ ಎಂದು ಹೇಳಿ ಕೈತೊಳೆದುಕೊಳ್ಳುವವರ ವಾದವನ್ನು ನಾವು ಒಪ್ಪಲಾರೆವು. ಗೃಹಶುಶ್ರೂಷೆ ಒಳ್ಳೆಯದು, ಹೊರೆಯನ್ನು ಮನೆಯೊಳಕ್ಕೆ ತಳ್ಳಿ ಬಾಗಿಲು ಮುಚ್ಚುವುದು ಗೃಹಶುಶ್ರೂಷೆಯಲ್ಲ. ಇದು ಕೇವಲ ನಮ್ಮ ಅಭಿಪ್ರಾಯವೂ ಅಲ್ಲ. ಭಾರತದ ೧೪ ಆಸ್ಪತ್ರೆಗಳಲ್ಲಿ ಲಕ್ವ ಹೊಡೆದ ೧,೨೫೦ ರೋಗಿಗಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮನೆಯವರಿಗೆ ಅಂಗಸಾಧನೆಯ ಕ್ರಮವನ್ನು ಕಲಿಸಿ ಮುಂದಿನದನ್ನು ಅವರಿಗೆ ಒಪ್ಪಿಸಲಾಯಿತು. ಆರು ತಿಂಗಳ ಅನಂತರ ನೋಡಿದರೆ, ಸತ್ತವರ ಅಥವಾ ಪರಾಧೀನರಾಗಿ ಉಳಿದವರ ಪ್ರಮಾಣದಲ್ಲಿ ಯಾವ ಅಂತರವೂ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ, ಸ್ಕಿಜೋಫ್ರೇನಿಯ ಎಂಬ ಚಿತ್ತರೋಗವುಳ್ಳ ೨೮೨ ಮಂದಿಯನ್ನು ಕುರಿತು ಗೋವ, ಸಾತಾರ ಮತ್ತು ಕಾಂಚೀಪುರ ಪ್ರದೇಶಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವೈದ್ಯರ ಚಿಕಿತ್ಸೆಯ ಜೊತೆಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ವರ್ಷಕಾಲ ಜೊತೆಯಲ್ಲಿ ನಿಂತರು. ಲಾಭ ಅದ್ಭುತವಾಗಿರಲಿಲ್ಲವಾದರೂ, ಆಸ್ಪತ್ರೆಯ ಚಿಕಿತ್ಸೆಯನ್ನಷ್ಟೇ ಪಡೆದವರಿಗಿಂತ ಇವರ ರೋಗಲಕ್ಷಣಗಳೂ ವೈಕಲ್ಯವೂ ಹೆಚ್ಚು ತಗ್ಗಿದವು. ರೋಗಗಳು ಬೇರೆಯಾದ್ದರಿಂದ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ನಿಜ. ಆದರೂ ಒಂದು ಪಾಠ ನಮಗೆ ಸ್ಪಷ್ಟವಾಗಿ ಕಾಣುತ್ತದೆ: ಒಮ್ಮೆ ಕಲಿಸಿ ಬಿಟ್ಟರೆ ಸಾಲದು, ಮತ್ತೆ ಮತ್ತೆ ಬರುವವರು ಬೇಕು.

ಈ ಪಾಠಕ್ಕಾಗಿ ನಾವು ಹೊರನಾಡಿಗೆ ಹೋಗಬೇಕಾಗಿಯೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿ ಇರುವ ಆನೇಕಲ್ ಸೀಮೆಯಲ್ಲಿಯೇ, ಸಕಲವಾರದಲ್ಲಿ ನಿಮ್ಹಾನ್ಸಿನವರು ೧೯೭೦ರ ದಶಕದಲ್ಲಿಯೇ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಅವರೇ ೨೦೦೫ರಿಂದ ಚಿತ್ತರೋಗಿಗಳನ್ನು ಅವರವರ ಊರಿನಲ್ಲಿಯೇ ಹಿಂಬಾಲಿಸಿ ನೋಡಿ, ಚಿಕಿತ್ಸೆ ತಪ್ಪದೆ ದೊರೆತವರ ವೈಕಲ್ಯ ಇಳಿಯುವುದನ್ನು ಕಂಡುಕೊಂಡಿದ್ದಾರೆ. ಸ್ವತಃ ಪೋಲಿಯೋಪೀಡಿತರಾದ ಎನ್. ಎಸ್. ಹೇಮಾ ಅವರು ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆ ಬೆನ್ನುಹುರಿಯ ಗಾಯಾಳುಗಳ ಪುನರ್ವಸತಿಯಲ್ಲಿ ಬಹುಕಾಲದಿಂದ ಶ್ರಮಿಸುತ್ತಿದೆ. ೧೯೯೪ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಕೃತಕ ಕಾಲುಗಳನ್ನು ತಯಾರಿಸುವುದರ ಜೊತೆಗೆ ಅವನ್ನು ಅಳವಡಿಸಿ ನಡೆಸುವವರನ್ನೂ ತರಬೇತು ಮಾಡುತ್ತಿದೆ. ಸರ್ಕಾರದವರೂ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸುವ ಪದ್ಧತಿಯನ್ನು ಇಟ್ಟಿದ್ದಾರೆ; ಇವರಲ್ಲಿ ಬಹುಮಂದಿ ತಾವೇ ಅಂಗವಿಕಲರು. ಇದು ಶ್ಲಾಘ್ಯವಾದ ಏರ್ಪಾಡು. ಆದರೆ ಇವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಇವರ ದಿನಗಳು ಬಹುಮಟ್ಟಿಗೆ ಗುರುತಿನ ಚೀಟಿ, ಪಿಂಚಣಿ, ಅರ್ಜಿ, ದಾಖಲೆಗಳಲ್ಲಿಯೇ ಕಳೆದುಹೋಗುತ್ತವೆ. ಹುಣ್ಣು ನೋಡುವುದಕ್ಕೆ ವಿರಾಮವೆಲ್ಲಿ?

ಈ ಉದ್ಯಮನಗರಿಗಳಲ್ಲಿ ಇನ್ನೊಂದು ತೊಡಕಿದೆ. ಎಲೆಕ್ಟ್ರಾನಿಕ್ ಸಿಟಿಗೆ ೨೦೧೩ರಿಂದ ತನ್ನದೇ ಆದ ಕೈಗಾರಿಕಾ ನಗರ ಪ್ರಾಧಿಕಾರವಿದೆ. ತೆರಿಗೆಯನ್ನು ಅದೇ ವಸೂಲು ಮಾಡುತ್ತದೆ. ಆದರೆ ಅಲ್ಲಿ ದುಡಿಯುವ ಕಾವಲುಗಾರ, ಕಸಗುಡಿಸುವವಳು ವಾಸಿಸುವುದು ಅದರ ಗಡಿಯಾಚೆಗಿನ ಊರುಗಳಲ್ಲಿ. ಬೆಂಗಳೂರಿನ ಪಾಲಿಕೆಯೇ ೨೦೨೫ರಲ್ಲಿ ಐದಾಗಿ ಒಡೆಯಿತು. ಹೀಗೆ ಗಡಿಗಳು ಬದಲಾಗುತ್ತಿರುವಾಗ ಮೂಲೆಯ ಕೋಣೆಯಲ್ಲಿ ಮಲಗಿದವನು ಯಾರ ಪಟ್ಟಿಗೂ ಸೇರದೆ ಉಳಿಯುವ ಅಪಾಯವಿದೆ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರು ೧೩,೨೪,೨೦೫ ಮಂದಿ ಎಂದು ಎಣಿಸಲಾಯಿತು. ಅಂದಿನಿಂದ ಈ ಪ್ರದೇಶಗಳು ಗುರುತು ಸಿಗದಷ್ಟು ಬೆಳೆದಿವೆ. ಹಳೆಯ ಲೆಕ್ಕವನ್ನು ಹಿಡಿದು ಹೊಸ ಊರನ್ನು ಆಳಲಾಗದು.

ಕಾಯಿದೆಯ ಕೊರತೆಯಂತೂ ಇಲ್ಲವೇ ಇಲ್ಲ. ವಿಶ್ವಸಂಸ್ಥೆಯ ೨೦೦೬ರ ಒಡಂಬಡಿಕೆಯನ್ನು ಭಾರತ ೨೦೦೭ರಲ್ಲಿ ಅಂಗೀಕರಿಸಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೫ನೆಯ ಪ್ರಕರಣ, ಸಮಾಜದ ನಡುವೆ ಬಾಳುವ ಹಕ್ಕನ್ನೂ ಮನೆಯಲ್ಲಿ ನೆರವು ಪಡೆಯುವ ಮಾರ್ಗವನ್ನೂ ಹೇಳುತ್ತದೆ. ೨೪ನೆಯ ಪ್ರಕರಣದಲ್ಲಿ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯ ಮಾತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಸುಳ್ಳಾಗಬೇಕಾಗಿದೆ.

ಇಷ್ಟಕ್ಕೆಲ್ಲ ಹಣವೆಲ್ಲಿಂದ ಎಂದು ಕೇಳುವವರಿಗೆ ಉತ್ತರ ಕಷ್ಟವಲ್ಲ. ಕಾರ್ಖಾನೆಯ ನೌಕರನಿಗಾಗಿ ೧೯೪೮ರ ಶಾಸನದಿಂದ ಹುಟ್ಟಿದ ರಾಜ್ಯ ವಿಮೆಯಿದೆ. ಕಟ್ಟಡಗಳ ವೆಚ್ಚದ ಮೇಲೆ ಕಾರ್ಮಿಕರ ಕಲ್ಯಾಣಕ್ಕಾಗಿ ವಸೂಲಾಗುವ ಶೇಕಡ ೧ರ ಕರವಿದೆ; ವೈಟ್‌ಫೀಲ್ಡಿನ ಗಾಜಿನ ಸೌಧಗಳು ಎದ್ದುನಿಂತದ್ದು ಆ ಕಾರ್ಮಿಕರ ಭುಜದ ಮೇಲೆ. ದೊಡ್ಡ ಕಂಪೆನಿಗಳು ಲಾಭದ ಶೇಕಡ ೨ನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು ೨೦೧೩ರ ಕಂಪೆನಿ ಕಾಯಿದೆ ವಿಧಿಸುತ್ತದೆ. ಆ ಹಣದಲ್ಲಿ ಗಾಲಿಕುರ್ಚಿಗಳನ್ನು ತಂದು, ಸಾಲಾಗಿ ಕೂರಿಸಿ, ಭಾವಚಿತ್ರ ತೆಗೆಸಿ ಹಂಚುವ ಸಮಾರಂಭಗಳನ್ನು ಬಲ್ಲೆವು. ದೇಹದ ಅಳತೆಗೆ ಹೊಂದದ ಕುರ್ಚಿ ತಾನೇ ಹುಣ್ಣನ್ನುಂಟುಮಾಡುತ್ತದೆ. ಮೂರನೆಯ ಅಂತಸ್ತಿನವನಿಗೆ ಅದು ಮೂಲೆಯ ಸಾಮಾನು. ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದ್ದರೂ ಮನೆಯಿಂದ ಅಲ್ಲಿಗೆ ಹೋಗಲು ಸಮತಟ್ಟಾದ ಹಾದಿಯಿಲ್ಲದಿದ್ದರೆ ಅದರಿಂದ ಪ್ರಯೋಜನವೇನು?

ನಮ್ಮ ಸೂಚನೆಗಳು ಸರಳವಾಗಿವೆ. ರೋಗಿ ಆಸ್ಪತ್ರೆ ಬಿಡುವ ಮೊದಲೇ ಅವನ ವಾಸದ ಪ್ರದೇಶದ ಕಾರ್ಯಕರ್ತರಿಗೆ ಸಮಾಚಾರ ತಲುಪತಕ್ಕದ್ದು. ಒಂದು ವಾರದೊಳಗೆ ಅವರು ಮನೆಯನ್ನು ಕಾಣತಕ್ಕದ್ದು. ಆಧಾರ್ ಚೀಟಿಯ ವಿಳಾಸ ಎಲ್ಲಿಯದೆಂದು ಕೇಳದೆ, ರೋಗಿ ಎಲ್ಲಿ ಮಲಗಿದ್ದಾನೆಂಬುದನ್ನೇ ನೋಡತಕ್ಕದ್ದು. ಕಾರ್ಯಕರ್ತರಿಗೆ ಹುಣ್ಣು, ಮೂತ್ರನಳಿಕೆ, ಅಂಗಸಾಧನೆ, ಮೂರ್ಛೆರೋಗ, ಚಿತ್ತರೋಗಗಳ ಶುಶ್ರೂಷೆಯಲ್ಲಿ ತರಬೇತಿ ಕೊಟ್ಟು, ನೋಡಿಕೊಳ್ಳುವ ಮನೆಗಳ ಸಂಖ್ಯೆಗೆ ಮಿತಿಯಿಟ್ಟು, ಗೌರವಧನದ ಬದಲು ಸಂಬಳ ಕೊಡಬೇಕು. ಆರೈಕೆ ಮಾಡುವ ಹೆಂಗಸಿಗೆ ಭತ್ಯೆಯೂ ವಾರಕ್ಕೊಂದು ದಿನದ ಬಿಡುವೂ ದೊರೆಯಬೇಕು. ಉದ್ಯಮಪತಿಗಳು ಬಿಡಿಬಿಡಿ ದಾನಗಳನ್ನು ನಿಲ್ಲಿಸಿ ಪ್ರದೇಶಕ್ಕೊಂದು ಸಾಮಾನ್ಯ ನಿಧಿಯನ್ನು ಸ್ಥಾಪಿಸಿ, ಅದರ ಆಡಳಿತದಲ್ಲಿ ಅಂಗವಿಕಲರಿಗೇ ಸ್ಥಾನ ಕೊಡಬೇಕು.

ದುಡಿಯುವಷ್ಟು ಕಾಲ ಬೇಕಾದ ದೇಹ, ಮುರಿದ ಮೇಲೆ ಬೇಡವಾಗುವುದು ಯಾವ ನಾಗರಿಕ ರಾಷ್ಟ್ರಕ್ಕೂ ಭೂಷಣವಲ್ಲ. ನಾವು ಕೇಳುತ್ತಿರುವುದು ದಯೆಯನ್ನಲ್ಲ, ಕಾಯಿದೆ ಆಗಲೇ ಒಪ್ಪಿರುವ ಹಕ್ಕನ್ನು. ಸರ್ಕಾರದವರೂ ಪಾಲಿಕೆಗಳೂ ಉದ್ಯಮಪತಿಗಳೂ ಒಂದೆಡೆ ಕುಳಿತು ಈ ವರ್ಷವೇ ಈ ಏರ್ಪಾಡಿಗೆ ಕೈಹಾಕಬೇಕು. ಪೀಣ್ಯದ ಒಂದು ವಠಾರದಿಂದ ಪ್ರಾರಂಭವಾದರೂ ಸರಿಯೇ, ಪ್ರಾರಂಭವಾಗಲಿ.